ಲಡ್ಡಿನ ಭೀಮನೂ ತೊಗಲುಗೊಂಬೆಯ ಕಿಳ್ಳೇಕ್ಯಾತನೂ

ರಾಜ್ಯೋತ್ಸವದ ಸಂಚಿಕೆಗೆ ಭೀಮನನ್ನು ಕುರಿತು ಲೇಖನವೊಂದನ್ನು ಕೊಡುತ್ತೇನೆಂದಾಗ ನಮ್ಮ ಸಂಘದ ಹಿರಿಯರಿಗೆ ಸಂತೋಷವಾಯಿತು. ರನ್ನನ ಸಾಹಸಭೀಮನೋ, ಕುಮಾರವ್ಯಾಸನ ಭೀಮನೋ ಎಂದು ವಿಚಾರಿಸಿದರು. ಎರಡೂ ಅಲ್ಲ, ಲಡ್ಡು ತಿಂದು ಬಲ ತಂದುಕೊಳ್ಳುವ ಟೆಲಿವಿಷನ್ನಿನ ಭೀಮ ಎಂದು ಹೇಳಿದ ಮೇಲೆ ಆ ಸಂತೋಷ ಕೊಂಚ ಇಳಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ವಾಚಕರೇ ವಿಚಾರ ಮಾಡಿ ನೋಡಬೇಕು. ನಮ್ಮ ತಾರ್ನಾಕದ ಕನ್ನಡ ಮನೆಗಳಲ್ಲಿ ಸಂಜೆಯ ಹೊತ್ತು ಯಾವ ಭೀಮನ ಹೆಸರು ಹೆಚ್ಚಾಗಿ ಕೇಳಿಬರುತ್ತದೆ? ಗದಾಯುದ್ಧದ ಭೀಮನದಂತೂ ಅಲ್ಲ. ಮನೆಯೊಳಗೆ ನಿತ್ಯ ಬಂದು ಕೂಡುವ ಅತಿಥಿಯ ಕುಲಗೋತ್ರವನ್ನು ವಿಚಾರಿಸುವುದು ಗೃಹಸ್ಥನ ಧರ್ಮವಷ್ಟೆ. ಆ ಕಾರಣದಿಂದ ಈ ಬರಹ.

ಈ ಭೀಮ ನಮ್ಮ ಹೈದರಾಬಾದಿನಲ್ಲಿಯೇ ಹುಟ್ಟಿದವನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ರಾಜೀವ್ ಚಿಲಕ ಎಂಬವರು ಅಮೆರಿಕಕ್ಕೆ ಹೋಗಿ ಕಂಪ್ಯೂಟರು ವಿದ್ಯೆಯನ್ನು ಓದಿ, ಬಳಿಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಿತ್ರಗಳಿಗೆ ಚಲನೆ ಕೊಡುವ ಕಲೆಯನ್ನು ಅಭ್ಯಾಸ ಮಾಡಿ, ಊರಿಗೆ ಹಿಂದಿರುಗಿ 2001ರಲ್ಲಿ ಗ್ರೀನ್ ಗೋಲ್ಡ್ ಅನಿಮೇಷನ್ ಎಂಬ ಸಂಸ್ಥೆಯನ್ನು ಇಲ್ಲಿ ಕಟ್ಟಿದರು. ಆ ಸಂಸ್ಥೆಯ ‘ಛೋಟಾ ಭೀಮ್’ 2008ರ ಏಪ್ರಿಲ್ ತಿಂಗಳಲ್ಲಿ ಪೋಗೋ ಚಾನೆಲಿನಲ್ಲಿ ಪ್ರಾರಂಭವಾಯಿತು. ಧೋಲಕ್‌ಪುರವೆಂಬುದು ಊರು. ಇಂದ್ರವರ್ಮನೆಂಬುವನು ರಾಜ, ಇಂದುಮತಿ ಅವನ ಮಗಳು. ಭೀಮನ ಬಳಗದಲ್ಲಿ ಛುಟ್ಕಿ, ರಾಜು, ಜಗ್ಗು ಎಂಬ ಮಂಗ. ಎದುರು ಪಕ್ಷದಲ್ಲಿ ಕಾಲಿಯಾ ಮತ್ತು ಅವನ ಹಿಂದೆ ಸುತ್ತುವ ಅವಳಿಗಳಾದ ಢೋಲು, ಭೋಲು. ಮಹಾಭಾರತದ ಕಥೆ ಇದರಲ್ಲಿ ಏನೂ ಇಲ್ಲ. ಹೆಸರು, ಹಸಿವು, ತೋಳಿನ ಬಲ ಇವು ಮೂರನ್ನು ಮಾತ್ರ ಅಲ್ಲಿಂದ ಸಾಲ ತಂದದ್ದು. ಟುನ್‌ಟುನ್ ಮೌಸಿಯ ಅಂಗಡಿಯ ಲಡ್ಡು ಹೊಟ್ಟೆಗೆ ಬಿದ್ದೊಡನೆ ಈ ಹುಡುಗನ ತೋಳು ಉಬ್ಬುತ್ತದೆ, ಎದುರಿಗಿದ್ದವರು ಗಾಳಿಯಲ್ಲಿ ಹಾರುತ್ತಾರೆ. ಕುನೂರಿನಿಂದ 1958ರಲ್ಲಿ ಇಲ್ಲಿಗೆ ಬಂದು ನೆಲೆಸಿದ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆ ನಮ್ಮ ತಾರ್ನಾಕದಲ್ಲಿಯೇ ಇದೆ. ಅದರ ನೆರೆಯಲ್ಲಿ ಬೆಳೆಯುವ ಮಕ್ಕಳು ಬಲವೆಲ್ಲ ಲಡ್ಡಿನಲ್ಲಿದೆಯೆಂದು ನಂಬಿ ಕುಳಿತಿರುವುದು ಒಂದು ತಮಾಷೆಯೇ ಸರಿ.

ಬಿದ್ದು ಎದ್ದು, ಹೊಡೆದು ಹೊಡೆಸಿಕೊಂಡು ನಗಿಸುವ ಈ ಜಾತಿಯ ಹಾಸ್ಯಕ್ಕೆ ಇಂಗ್ಲಿಷಿನವರು ಸ್ಲ್ಯಾಪ್‌ಸ್ಟಿಕ್ ಎನ್ನುತ್ತಾರೆ. ಹಳೆಯ ಇಟಲಿಯ ಬೀದಿನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ಪಟ್ಟಿ ಮರವನ್ನು ಜೋಡಿಸಿದ ಕೋಲೊಂದು ಇರುತ್ತಿತ್ತು. ಬೀಸಿ ಹೊಡೆದರೆ ಶಬ್ದ ಬಹಳ, ನೋವು ಅತ್ಯಲ್ಪ. ಆ ಕೋಲಿನ ಹೆಸರೇ ಹಾಸ್ಯಕ್ಕೂ ಅಂಟಿತು. ಈ ಬಗೆಯ ನಗುವಿನ ಗುಟ್ಟೆಲ್ಲ ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಸದ್ದು ಜೋರಾಗಿರಬೇಕು, ಪೆಟ್ಟು ತಾಗಬಾರದು. ಬೆಕ್ಕಿನ ತಲೆಯ ಮೇಲೆ ಕಬ್ಬಿಣದ ತುಂಡು ಬೀಳುತ್ತದೆ, ಮರುಕ್ಷಣ ಅದು ಎದ್ದು ಇಲಿಯನ್ನು ಅಟ್ಟುತ್ತದೆ. ಮಗುವಿಗೆ ಇದು ಗೊತ್ತು. ದೊಡ್ಡವರಿಗೆ ಮಾತ್ರ ಮರೆತುಹೋಗುತ್ತದೆ.

ದೊಡ್ಡವರ ಆಕ್ಷೇಪಣೆಗಳಿಗೆ ದೀರ್ಘ ಚರಿತ್ರೆಯೇ ಉಂಟು. ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು 1940ರಲ್ಲಿ ಆರಂಭಿಸಿದ ಟಾಮ್ ಮತ್ತು ಜೆರ್‍ರಿಯ ಚಿತ್ರಗಳಿಗೆ ಒಟ್ಟು 7 ಆಸ್ಕರ್ ಪ್ರಶಸ್ತಿಗಳು ಬಂದವು. ಅವೇ ಚಿತ್ರಗಳು ಚಿತ್ರಮಂದಿರವನ್ನು ಬಿಟ್ಟು ಮನೆಯ ಪೆಟ್ಟಿಗೆಯೊಳಕ್ಕೆ ಬಂದಾಗ ತಾಯ್ತಂದೆಗಳು ಗಾಬರಿಗೊಂಡರು. ಮಕ್ಕಳ ಕಾರ್ಯಕ್ರಮಗಳಲ್ಲಿ ಹೊಡೆದಾಟ ಬೇಡವೆಂಬ ಕೂಗು ಅಮೆರಿಕದಲ್ಲಿ ಎಷ್ಟು ಬಲವಾಯಿತೆಂದರೆ, 1975ರಲ್ಲಿ ಟೆಲಿವಿಷನ್ನಿಗಾಗಿ ಹೊಸದಾಗಿ ತಯಾರಿಸಿದ ಸರಣಿಯಲ್ಲಿ ಬೆಕ್ಕೂ ಇಲಿಯೂ ಜೀವದ ಗೆಳೆಯರಾಗಿಬಿಟ್ಟವು. ಇಲಿಯ ಕೊರಳಿಗೆ ಒಂದು ಬೋ ಟೈ ಬೇರೆ! ಹೆದರಿದವರಿಗೆ ಸಮಾಧಾನವಾಗಿರಬಹುದು. ನೋಡುವವರಿಗೆ ಅದು ರುಚಿಸಲಿಲ್ಲ. ಇಂದಿಗೂ ನಮ್ಮ ಮಕ್ಕಳು ಬಿಡದೆ ನೋಡುವುದು ಅದಕ್ಕೆ ಹಿಂದಿನ ಜಗಳಗಂಟ ಚಿತ್ರಗಳನ್ನೇ.

ನಮ್ಮ ದೇಶದಲ್ಲಿಯೂ ಹೀಗೆಯೇ ನಡೆದಿದೆ. ಜಪಾನಿನ ಶಿನ್‌ಚಾನ್ ಎಂಬ ತುಂಟನ ಮೇಲೆ ದೂರುಗಳು ಬಂದು 2008ರಲ್ಲಿ ಅವನ ಪ್ರಸಾರ ನಿಂತಿತು. ಮುಂದೆ ಕತ್ತರಿ ಪ್ರಯೋಗವಾದ ಬಳಿಕ ತಿರುಗಿ ಬಂದ. ನಮ್ಮ ಭೀಮನ ಮೇಲಿನ ದೂರುಗಳೂ ಕಡಮೆಯಲ್ಲ. ಎಲ್ಲ ತಕರಾರನ್ನೂ ಮುಷ್ಟಿಯಿಂದ ತೀರಿಸುತ್ತಾನೆ, ಸಿಹಿ ತಿನ್ನುವುದನ್ನು ಕಲಿಸುತ್ತಾನೆ, ಓದುವುದಂತೂ ಕಾಣುವುದೇ ಇಲ್ಲ ಎಂಬವು ಮನೆಮನೆಯ ದೂರುಗಳು. ಇವುಗಳಿಗಿಂತ ಸ್ವಾರಸ್ಯವಾದ ವ್ಯಾಜ್ಯವೊಂದು 2020ರ ಜೂನ್ ತಿಂಗಳಲ್ಲಿ ಹುಟ್ಟಿತು. ಭೀಮನು ಛುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದನಂತೆ ಎಂಬ ಸುದ್ದಿ ಎಲ್ಲಿಂದಲೋ ಹಬ್ಬಿತು. ಬಾಲ್ಯದಲ್ಲಿ ಈ ಸರಣಿಯನ್ನು ನೋಡಿ ಈಗ ಪ್ರಾಯಕ್ಕೆ ಬಂದವರೆಲ್ಲ, ಇಷ್ಟು ವರ್ಷ ಲಡ್ಡು ಕೊಟ್ಟು ಸಲಹಿದ ಹುಡುಗಿಗೆ ಅನ್ಯಾಯವಾಯಿತು, ಛುಟ್ಕಿಗೆ ನ್ಯಾಯ ಸಿಗಬೇಕು ಎಂದು ದೇಶಾದ್ಯಂತ ಬೊಬ್ಬೆ ಹಾಕಿದರು. ಅವರು ಮೂವರೂ ಇನ್ನೂ ಮಕ್ಕಳು, ಯಾರಿಗೂ ಮದುವೆಯಾಗಿಲ್ಲ ಎಂದು ಸಂಸ್ಥೆಯವರೇ ಪ್ರಕಟಣೆ ಹೊರಡಿಸಬೇಕಾಯಿತು. ಲಾಕ್‌ಡೌನಿನ ದಿನಗಳು, ಜನಕ್ಕೆ ಬೇರೆ ಕೆಲಸವಿರಲಿಲ್ಲ ಎಂದು ನಗಬಹುದು. ಆದರೆ ಇದರಿಂದ ತಿಳಿಯುವುದೇನೆಂದರೆ, ಮಕ್ಕಳು ಈ ಆಟಗಳನ್ನು ನೋಡುವಾಗ ಎಣಿಸುವುದು ಪೆಟ್ಟುಗಳನ್ನಲ್ಲ. ನ್ಯಾಯವನ್ನು ಎಣಿಸುತ್ತಾರೆ. ಪೆಟ್ಟು ಬೀಳಬೇಕಾದವನಿಗೆ ಬಿತ್ತೇ, ಉಪಕಾರಕ್ಕೆ ಪ್ರತ್ಯುಪಕಾರ ಸಂದಿತೇ ಎಂಬ ಲೆಕ್ಕ ಅವರ ಖಾತೆಯಲ್ಲಿ ಹನ್ನೆರಡು ವರ್ಷವಾದರೂ ಅಳಿಯದೆ ಉಳಿದಿತ್ತು. ನಮ್ಮ ಬ್ಯಾಂಕಿನ ಲೆಡ್ಜರುಗಳೂ ಅಷ್ಟು ಚೊಕ್ಕವಾಗಿರುವುದು ಅಪರೂಪ.

ಈ ನ್ಯಾಯದ ಮಾತು ಬಂದಾಗ ನನಗೆ ಒಂದು ನಿಜವಾದ ಆಕ್ಷೇಪಣೆ ಇದೆ. ಅದು ಹೊಡೆದಾಟದ ವಿಷಯವಲ್ಲ. ಸದಾ ಸೋಲುವ, ಸದಾ ನಗೆಗೀಡಾಗುವ ಹುಡುಗನ ಹೆಸರು ಕಾಲಿಯಾ. ಕರಿಯ ಎಂದೇ ಅದರ ಅರ್ಥ. ಮೈಬಣ್ಣ ಕಪ್ಪು, ಮೈ ದಪ್ಪ, ಮನಸ್ಸು ಹೊಟ್ಟೆಕಿಚ್ಚು. ಒಳ್ಳೆಯವರ ಕೆನ್ನೆಗಳೆಲ್ಲ ಕೆಂಪು. ಬಲವಿಲ್ಲದವರನ್ನು ಕಂಡು ನಗುವುದಕ್ಕೂ ಬಣ್ಣವನ್ನು ಕಂಡು ನಗುವುದಕ್ಕೂ ಹೆಚ್ಚು ದೂರವಿಲ್ಲ. ಇದನ್ನು ಎತ್ತಿ ಹೇಳಿದವರು ಹಲವರು, ಅವರ ಮಾತಿನಲ್ಲಿ ಹುರುಳಿದೆ. ನಮ್ಮ ಹಳೆಯ ಆಟಗಳನ್ನು ನೆನೆದರೆ ಈ ದೋಷ ಮತ್ತಷ್ಟು ಕಣ್ಣಿಗೆ ಹೊಡೆಯುತ್ತದೆ.

ತೊಗಲುಗೊಂಬೆಯಾಟವನ್ನು ನಮ್ಮ ಹಿರಿಯರಲ್ಲಿ ಕಂಡವರು ಇನ್ನೂ ಇದ್ದಾರೆ. ಬಿಳಿಯ ಪರದೆ, ಹಿಂದೆ ಎಣ್ಣೆಯ ದೀಪ, ಹದಮಾಡಿ ಬಣ್ಣ ಹಚ್ಚಿದ ತೊಗಲಿನ ಗೊಂಬೆಗಳು. ಮಳೆ ಬಾರದಿದ್ದರೆ, ದನಗಳಿಗೆ ಬೇನೆ ಬಂದರೆ ಊರವರು ಮೇಳವನ್ನು ಕರೆಸಿ ರಾತ್ರಿಯಿಡೀ ಆಡಿಸುತ್ತಿದ್ದರು. ಚಲಿಸುವ ಚಿತ್ರವೆಂಬುದು ನಮಗೆ ವಿಲಾಯತಿಯಿಂದ ಬಂದ ವಸ್ತುವೆಂದು ಹೇಳುವವರು ಈ ಪರದೆಯನ್ನು ಮರೆತಿದ್ದಾರೆ. ರಾಮಾಯಣವಿರಲಿ, ಭಾರತವಿರಲಿ, ನಡುವೆ ಕಿಳ್ಳೇಕ್ಯಾತ ನುಗ್ಗಿಬರುತ್ತಾನೆ. ಕಪ್ಪು ಮೈ, ಕೆದರಿದ ಕೂದಲು, ಡೊಳ್ಳು ಹೊಟ್ಟೆ, ಸೊಟ್ಟ ಕೈಕಾಲು. ಅವನ ಹಿಂದೆಯೇ ಬಂಗಾರಕ್ಕ. ಗಂಡಹೆಂಡಿರಿಬ್ಬರೂ ಬೈದಾಡುತ್ತಾರೆ, ಬಡಿದಾಡುತ್ತಾರೆ, ಒಬ್ಬರ ಮೇಲೊಬ್ಬರು ಉರುಳುತ್ತಾರೆ. ಸಭ್ಯರ ಕಿವಿಗೆ ಹಿತವಲ್ಲದ ಮಾತುಗಳೂ ಅವರ ಬಾಯಲ್ಲಿ ಬರುತ್ತವೆ. ಆದರೆ ಗಮನಿಸಬೇಕಾದದ್ದು ಇಷ್ಟು. ಕಿಳ್ಳೇಕ್ಯಾತನೂ ಕರಿಯನೇ, ದಪ್ಪನವನೇ. ಜನ ಅವನನ್ನು ಕಂಡು ನಗುತ್ತಾರೆಂಬುದು ನಿಜ, ಆದರೆ ಹೆಚ್ಚಾಗಿ ಅವನೊಡನೆ ಸೇರಿ ನಗುತ್ತಾರೆ. ರಾಜನನ್ನೂ ಊರಗೌಡನನ್ನೂ ಲೇವಡಿ ಮಾಡುವ ಅಧಿಕಾರ ಅವನದು. ಧೋಲಕ್‌ಪುರದ ಕಾಲಿಯಾನಿಗೆ ಆ ಅಧಿಕಾರ ಇಲ್ಲ.

ಈ ಜೋಡಿ ಕನ್ನಡಿಗರದು ಮಾತ್ರವೆಂದು ಹೆಮ್ಮೆಪಡುವಂತಿಲ್ಲ. ತೆಲುಗಿನ ತೋಲುಬೊಮ್ಮಲಾಟದಲ್ಲಿ ಕೇತಿಗಾಡು ಇದ್ದಾನೆ, ಬಂಗಾರಕ್ಕ ಅದೇ ಹೆಸರಿನಿಂದಲೇ ಇದ್ದಾಳೆ, ಜುಟ್ಟುಪೋಲಿಗಾಡು ಎಂಬವನೊಬ್ಬ ಹೆಚ್ಚಿಗೆ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದು ಸಂಸ್ಥಾನದಿಂದ ಬೇರೆಯಾಗಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದುವು. ಭೂಪಟದಲ್ಲಿ ಗೆರೆ ಎಳೆದದ್ದು ಒಳ್ಳೆಯದೇ ಆಯಿತು, ಅದನ್ನೇ ನಾವು ಇಂದು ಆಚರಿಸುತ್ತಿರುವುದು. ಆದರೆ ಬಂಗಾರಕ್ಕನನ್ನು ಹಂಚಿಕೊಡಲು ಯಾವ ಆಯೋಗಕ್ಕೂ ಆಗಲಿಲ್ಲ.

ಮರುವರ್ಷವೇ, 1957ರಲ್ಲಿ, ಕೆ. ವಿ. ರೆಡ್ಡಿಯವರ ‘ಮಾಯಾಬಜಾರ್’ ತೆರೆಗೆ ಬಂತು. ಅದರಲ್ಲಿ ಮದುವೆಮನೆಯ ಚಾಪೆ ತಾನಾಗಿ ಸುರುಳಿ ಸುತ್ತಿಕೊಂಡು ಮೇಲೆ ಕುಳಿತವರನ್ನು ಹೊರಳಿಸುತ್ತದೆ. ಎಸ್. ವಿ. ರಂಗರಾಯರ ಘಟೋತ್ಕಚ ಪಂಕ್ತಿಯ ಮುಂದೆ ಕುಳಿತರೆ ಲಡ್ಡುಗಳು ತಾವಾಗಿ ಎದ್ದು ಹಾರಿ ಅವನ ಬಾಯಿಗೆ ಬೀಳುತ್ತವೆ. ಮಾರ್ಕಸ್ ಬಾರ್ಟ್ಲಿಯವರ ಕ್ಯಾಮೆರಾದ ಚಮತ್ಕಾರ ಅದು. ಘಟೋತ್ಕಚನೆಂದರೆ ಯಾರು? ಭೀಮನ ಮಗ. ಲಡ್ಡಿಗೂ ಈ ವಂಶಕ್ಕೂ ಇರುವ ನಂಟು 2008ರಲ್ಲಿ ಹುಟ್ಟಿದ್ದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೂ ಹಿಂದಕ್ಕೆ ಹೋದರೆ ಮೂಲಭಾರತದಲ್ಲಿಯೇ ಇದೆ. ಏಕಚಕ್ರನಗರದಲ್ಲಿ ಬಕನಿಗೆಂದು ಕಳುಹಿಸಿದ ಬಂಡಿ ಅನ್ನವನ್ನು ಭೀಮನೇ ತಿನ್ನುತ್ತ ಕೂಡುತ್ತಾನೆ. ಬಕ ಬಂದು ಎರಡು ಕೈಗಳಿಂದಲೂ ಬೆನ್ನ ಮೇಲೆ ಗುದ್ದುತ್ತಾನೆ, ಇವನು ತಿರುಗಿಯೂ ನೋಡುವುದಿಲ್ಲ. ಊಟ ಮುಗಿಸಿ ಕೈ ತೊಳೆದ ಮೇಲೆಯೇ ಯುದ್ಧ. ಬಾಲ್ಯದಲ್ಲಿ ಕೌರವರು ಹಣ್ಣಿಗೆಂದು ಮರ ಹತ್ತಿದರೆ ಬುಡವನ್ನು ಅಲುಗಿಸಿ ಹಣ್ಣಿನೊಡನೆ ಹುಡುಗರನ್ನೂ ಉದುರಿಸಿದವನು ಇವನೇ. ವ್ಯಾಸ ಮಹರ್ಷಿಗಳ ಮೇಲೆ ಯಾವ ಪೋಷಕರ ಸಂಘವೂ ದೂರು ಕೊಟ್ಟಂತೆ ಕಾಣೆ.

ಮಾಯಾಬಜಾರಿನಲ್ಲಿ ಸಹಾಯಕರಾಗಿ ದುಡಿದ ಸಿಂಗೀತಂ ಶ್ರೀನಿವಾಸರಾಯರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. 1982ರಲ್ಲಿ ನಮ್ಮ ರಾಜಕುಮಾರರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳನ್ನು ನಿರ್ದೇಶಿಸಿದವರು ಇವರೇ. 1987ರಲ್ಲಿ ಶೃಂಗಾರ್ ನಾಗರಾಜರು ನಿರ್ಮಿಸಿದ ‘ಪುಷ್ಪಕ ವಿಮಾನ’ವನ್ನು ಬೆಂಗಳೂರಿನಲ್ಲಿ ತೆಗೆದರು. ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಮಾತಿಲ್ಲದ ಕಾರಣ ಅದು ಕನ್ನಡವೂ ಆಯಿತು, ತೆಲುಗೂ ಆಯಿತು, ಹಿಂದಿಯೂ ಆಯಿತು. ಇದೇ ಸಿಂಗೀತಂ ಅವರು 2008ರಲ್ಲಿ ಘಟೋತ್ಕಚನನ್ನೇ ನಾಯಕನನ್ನಾಗಿಸಿ ಒಂದು ಕಾರ್ಟೂನು ಚಿತ್ರವನ್ನೂ ಮಾಡಿದರು. ಛೋಟಾ ಭೀಮ ಬಂದ ವರ್ಷವೇ!

ಮಾತಿನ ವಿಷಯಕ್ಕೆ ಬಂದೆವು. ಹೊರನಾಡಿನಲ್ಲಿರುವ ನಮಗೆ ಮುಖ್ಯವಾದದ್ದು ಇದೇ. ಛೋಟಾ ಭೀಮ ನಮ್ಮ ಮನೆಗಳಲ್ಲಿ ಮಾತಾಡುವುದು ಬಹುಮಟ್ಟಿಗೆ ಹಿಂದಿ, ತಪ್ಪಿದರೆ ತೆಲುಗು. ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಈ ಊರಿನ ದಖನಿ, ಸಂಜೆ ಈ ಪೆಟ್ಟಿಗೆ. ಹೀಗಾಗಿ ಮಗುವಿನ ಬಾಯಲ್ಲಿ ಓಡು, ಬೀಳು, ಹೊಡೆ, ಜಾರು ಎಂಬ ಕ್ರಿಯಾಪದಗಳೆಲ್ಲ ಒಂದೊಂದಾಗಿ ಬೇರೆ ಭಾಷೆಗೆ ವರ್ಗವಾಗುತ್ತವೆ. ಅನ್ನ, ನೀರು, ಅಪ್ಪ, ಅಮ್ಮ ಎಂಬವು ಕನ್ನಡದಲ್ಲಿಯೇ ಉಳಿಯುತ್ತವೆ. ನಾಮಪದಗಳ ಕನ್ನಡ, ಅಷ್ಟೆ. ಇದು ನಮ್ಮೊಬ್ಬರ ಸಂಕಟವಲ್ಲ. 2013ರಲ್ಲಿ ಬಾಂಗ್ಲಾದೇಶದ ಸರಕಾರ ಹಿಂದಿ ಮಾತಾಡುವ ಡೋರೇಮಾನ್ ಕಾರ್ಟೂನಿನ ಪ್ರಸಾರವನ್ನೇ ನಿಲ್ಲಿಸಿತು, ಮಕ್ಕಳು ಬಂಗಾಳಿಯನ್ನು ಬಿಟ್ಟು ಹಿಂದಿ ಕಲಿಯುತ್ತಿದ್ದಾರೆಂದು. ಕನ್ನಡನಾಡಿನ ಕಥೆ ಬೇರೆ ತೆರನಾದುದು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದವರು ಡಬ್ಬಿಂಗಿನ ವಿರುದ್ಧ ಹೋರಾಡಿದುದಕ್ಕೆ ಆ ಕಾಲದಲ್ಲಿ ಬಲವಾದ ಕಾರಣಗಳಿದ್ದುವು. ಕನ್ನಡ ಚಿತ್ರೋದ್ಯಮ ಕಾಲೂರಿದ್ದು ಆ ಹೋರಾಟದ ಫಲವೂ ಹೌದು. ಆದರೆ ಆ ನಿರ್ಬಂಧ ಐವತ್ತು ವರ್ಷ ಮುಂದುವರಿದು, 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದೆಂದು ಆಜ್ಞೆ ಮಾಡುವವರೆಗೂ ಬಂತು. ಈ ಮಧ್ಯೆ 2009ರಲ್ಲಿ ಚಿಂಟು ಟಿ.ವಿ. ಹುಟ್ಟಿ ಕಾರ್ಟೂನುಗಳು ಕನ್ನಡ ಮಾತಾಡಿದುವು. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಅದರ ಸುಖ ಸಿಕ್ಕಿತು. ಹೊರನಾಡಿನವನು ಒಂದೊಂದು ಚಾನೆಲನ್ನೂ ಹಣ ತೆತ್ತು ಆರಿಸಿಕೊಳ್ಳುವ ಪದ್ಧತಿ 2019ರಲ್ಲಿ ಬಂದ ಮೇಲೆ, ಎಷ್ಟು ಮನೆಗಳವರು ಕನ್ನಡದ ಮಕ್ಕಳ ಚಾನೆಲಿಗೆ ಗುರುತು ಹಾಕಿದೆವೆಂಬುದನ್ನು ನಾವು ನಾವೇ ಕೇಳಿಕೊಳ್ಳಬೇಕು. ಕ್ರಿಕೆಟ್ಟಿನ ಚಾನೆಲುಗಳಿಗಂತೂ ಮರೆಯದೆ ಹಾಕಿದ್ದೇವೆ.

ಅದೇ 2019ರ ಏಪ್ರಿಲಿನಲ್ಲಿ ಗ್ರೀನ್ ಗೋಲ್ಡಿನವರು ನೆಟ್‌ಫ್ಲಿಕ್ಸಿಗೆಂದು ‘ಮೈಟಿ ಲಿಟಲ್ ಭೀಮ್’ ಎಂಬ ಮತ್ತೊಂದು ಸರಣಿಯನ್ನು ಕೊಟ್ಟರು. ಇದರಲ್ಲಿ ಭೀಮ ಇನ್ನೂ ಅಂಬೆಗಾಲಿಕ್ಕುವ ಕೂಸು. ಒಂದೊಂದು ಕಥೆಯೂ ಕೆಲವೇ ನಿಮಿಷ. ಕೂಸು ಲಡ್ಡನ್ನು ಕಾಣುತ್ತದೆ, ಅದರ ಹಿಂದೆ ಹೊರಡುತ್ತದೆ, ದಾರಿಯಲ್ಲಿ ಊರೇ ತಲೆಕೆಳಗಾಗುತ್ತದೆ. ಕೂಸಿನ ಕಿಲಕಿಲ, ತೊದಲು ಬಿಟ್ಟರೆ ಮಾತಿಲ್ಲ. ಭಾರತದ ಹೊರಗೆ 2 ಕೋಟಿ 70 ಲಕ್ಷ ಮನೆಗಳಲ್ಲಿ ಇದನ್ನು ನೋಡಿದರೆಂದು ಕಂಪನಿಯವರು 2020ರಲ್ಲಿ ಹೇಳಿಕೊಂಡರು. ಕಂಪನಿಯವರೇ ಕೊಟ್ಟ ಲೆಕ್ಕ, ಆಡಿಟು ಆದದ್ದಲ್ಲ. ಆದರೂ ಸೀರೆಯುಟ್ಟ ತಾಯಿ, ಸಂಕ್ರಾಂತಿಯ ಗಾಳಿಪಟ ಇವೆಲ್ಲ ಮಾತಿನ ಹಂಗಿಲ್ಲದೆ ಅಷ್ಟು ದೂರ ಹೋದುವೆಂಬುದು ಸಣ್ಣ ಸಂಗತಿಯಲ್ಲ.

ಹಾಸ್ಯದ ದೃಷ್ಟಿಯಿಂದಲೂ ದೊಡ್ಡ ಭೀಮನಿಗಿಂತ ಈ ಕೂಸೇ ಮೇಲೆಂದು ನನ್ನ ಅಭಿಪ್ರಾಯ. ದೊಡ್ಡವನು ಹೊಡೆಯುವ ಮೊದಲು ಭಾಷಣ ಮಾಡುತ್ತಾನೆ, ಹೊಡೆದ ಮೇಲೆ ಬುದ್ಧಿ ಹೇಳುತ್ತಾನೆ. ಕೂಸಿಗೆ ಇವೆರಡೂ ಬಾರವು. ಅದು ಯಾರನ್ನೂ ಸೋಲಿಸಲು ಹೊರಟಿಲ್ಲ, ಅದಕ್ಕೆ ಲಡ್ಡು ಬೇಕು. ಆದರೆ ನಾನು ಅದನ್ನು ಮೆಚ್ಚುವುದಕ್ಕೆ ಬೇರೊಂದು ಕಾರಣವಿದೆ. ನಮ್ಮ ಕಟ್ಟಡದಲ್ಲಿ ರಾಯಚೂರು ಕಡೆಯ ಅಜ್ಜಿಯೊಬ್ಬರು ಮಗನ ಮನೆಯಲ್ಲಿದ್ದಾರೆ. ಹಿಂದಿಯ ಭೀಮ ಬಂದಾಗ ಅವರು ಜಪದ ಸರ ಹಿಡಿದು ಒಳಗೆ ಹೋಗುತ್ತಾರೆ. ಮಾತಿಲ್ಲದ ಕೂಸು ಬಂದರೆ ಮೊಮ್ಮಗನ ಪಕ್ಕದಲ್ಲಿಯೇ ಕೂಡುತ್ತಾರೆ. ಅಲ್ಲಿ ಮಾತಾಡುವವರಿಲ್ಲವಾದ್ದರಿಂದ ಇವರೇ ಮಾತಾಡುತ್ತಾರೆ.

“ಉಂಡಿ ಕಂಡ್ತು ನೋಡು ಅದಕ್ಕ. ಹೊಂಟ್ತು, ಹೊಂಟ್ತು... ಅಯ್ಯ, ಅಂಗಾತ ಬಿತ್ತಲ್ಲೋ!”

“ಅಂಗಾತ ಅಂದ್ರೇನಜ್ಜಿ?”

“ಬೆನ್ನು ಕೆಳಗ, ಹೊಟ್ಟಿ ಮ್ಯಾಲ ಆದ್ರ ಅಂಗಾತ. ಹೊಟ್ಟಿ ಕೆಳಗ ಆದ್ರ ಡಬ್ಬ. ನೀ ಮೊನ್ನಿ ಮೆಟ್ಟಲದಾಗ ಬಿದ್ದೆಲ್ಲ, ಅದು ಡಬ್ಬ.”

ಹುಡುಗನಿಗೆ ಈಗ ಎರಡು ತೆರನ ಬೀಳುವಿಕೆ ಗೊತ್ತು. ಎದುರು ಮನೆಯ ತುಮಕೂರಿನ ತಾಯಿ ಮಾತ್ರ ಡಬ್ಬವನ್ನು ಒಪ್ಪದೆ ‘ಮಕಾಡೆ’ ಎನ್ನುತ್ತಾರೆ, ಮಂಗಳೂರಿನವರನ್ನು ಇನ್ನೂ ಕೇಳಬೇಕಾಗಿದೆ. ದೊಪ್ಪನೆ, ಧಡಾರನೆ, ಸರ್‍ರನೆ, ಪಚಕ್ಕನೆ ಎಂದು ಬೀಳುವುದಕ್ಕೂ ಜಾರುವುದಕ್ಕೂ ನಮ್ಮ ಭಾಷೆಯಲ್ಲಿ ಇರುವಷ್ಟು ಸದ್ದುಗಳು ಪಠ್ಯಪುಸ್ತಕದಲ್ಲಿ ಎಲ್ಲಿ ಸಿಕ್ಕಾವು? ಎಡವುವುದು ಬೇರೆ, ಮುಗ್ಗರಿಸುವುದು ಬೇರೆ, ತತ್ತರಿಸುವುದು ಬೇರೆ. ಈ ಭೇದಗಳನ್ನು ಕಲಿಸಲು ಬೀಳುವವನೊಬ್ಬ ಕಣ್ಣೆದುರಿಗೆ ಬೇಕು, ಹೇಳುವವರೊಬ್ಬರು ಪಕ್ಕದಲ್ಲಿ ಬೇಕು. ಪೆಟ್ಟಿಗೆ ಮೊದಲನೆಯವನನ್ನು ಒದಗಿಸುತ್ತದೆ.

ಹೀಗಿರುವಾಗ ಒಂದು ಕಾರ್ಟೂನು ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ಹೊರನಾಡಿನ ಕನ್ನಡಿಗನ ತಕ್ಕಡಿ ಬೇರೆಯಾಗಿರಬೇಕೆಂದು ನನ್ನ ವಾದ. ಎಷ್ಟು ಗುದ್ದು, ಎಷ್ಟು ಲಡ್ಡು ಎಂಬುದನ್ನು ಬೇರೆಯವರು ಎಣಿಸಲಿ. ಮನೆಯ ಹಿರಿಯರಿಗೆ ಅದರ ಮುಂದೆ ಕೂಡಲು ಜಾಗವಿದೆಯೆ, ಬಾಯಿ ಹಾಕಲು ಎಡೆಯಿದೆಯೆ ಎಂದು ನಾವು ನೋಡಬೇಕು. ಮಾತು ತುಂಬಿದ ಆಟವಾದರೂ ಪರವಾಗಿಲ್ಲ, ಧ್ವನಿಯನ್ನು ಆರಿಸಿಬಿಟ್ಟು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಟಾಮ್ ಮತ್ತು ಜೆರ್‍ರಿಗಂತೂ ಇದರಿಂದ ಏನೂ ನಷ್ಟವಾಗದು. ಹಿನ್ನೆಲೆಯ ಸಂಗೀತ ತಪ್ಪುತ್ತದೆ, ಅದೊಂದೇ ಬೇಸರ.

ತೊಗಲುಗೊಂಬೆಯವರು ಮಾಡುತ್ತಿದ್ದುದೂ ಇದನ್ನೇ. ಕಿಳ್ಳೇಕ್ಯಾತನೆಂಬುದು ಗೊಂಬೆಯ ಹೆಸರೂ ಹೌದು, ಆಡಿಸುವ ಜನಾಂಗದ ಹೆಸರೂ ಹೌದು. ಅವರಲ್ಲಿ ಅನೇಕರ ಮನೆಮಾತು ಮರಾಠಿಯ ಒಂದು ಬಗೆ. ಅವರೂ ವಲಸೆ ಬಂದವರೇ. ಆಂಧ್ರದ ಗೊಂಬೆಯಾಟದವರಲ್ಲಿಯೂ ಹಲವರದು ಹಾಗೆಯೇ. ಆದರೆ ಪರದೆಯ ಹಿಂದೆ ಕುಳಿತಾಗ ಈ ಕಡೆ ಕನ್ನಡ, ಆ ಕಡೆ ತೆಲುಗು. ಮನೆಯೊಳಗಿನ ಮಾತನ್ನೂ ಬಿಡಲಿಲ್ಲ, ಊರಿನ ಮಾತನ್ನೂ ತಪ್ಪಲಿಲ್ಲ. ಅನಂತಪುರದ ಕಡೆಯ ನಿಮ್ಮಲಕುಂಟೆಯ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ ಬಂತು. ತೊಂಬತ್ತು ದಾಟಿದ ಈ ಅಜ್ಜಿ ರಾಮಾಯಣ, ಮಹಾಭಾರತದ ಗೊಂಬೆಗಳನ್ನು ವಿದೇಶಗಳಿಗೂ ಕೊಂಡುಹೋಗಿ ಆಡಿಸಿಬಂದವರು. ಕೊಪ್ಪಳಕ್ಕೆ ಹೈದರಾಬಾದಿನಿಂದ ಒಂದು ರಾತ್ರಿಯ ಪಯಣವಷ್ಟೆ. ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾದ ಬದಲು ಆ ಕಡೆಯ ಮೇಳವೊಂದನ್ನು ಕರೆಸಬಹುದೆ ಎಂದು ಕಾರ್ಯಕಾರಿ ಸಮಿತಿಯವರು ಆಲೋಚಿಸಬೇಕು. ಪರದೆಗೆ ಬೇಕಾದ ಬಿಳಿಯ ಪಂಚೆಯನ್ನು ನಮ್ಮ ಮನೆಯಿಂದಲೇ ಕೊಡುತ್ತೇನೆ.